ವ್ಯಾಪಾರ ಬಿದ್ದ ಕಾಲದಲ್ಲಿ ಮಣ್ಣಿನ ಪಾತ್ರೆ ಅಂಗಡಿ ಉಳಿಸಿಕೊಳ್ಳುವುದು ಹೇಗೆ?



ನಾನು ಬೆಳಗಾವಿಯಲ್ಲಿ ಮೂವತ್ತೈದು ವರ್ಷಗಳಿಂದ ಪಾತ್ರೆ ವ್ಯಾಪಾರ ಮಾಡಿಕೊಂಡು ಬಂದವನು. ಸ್ಟೀಲು, ಹಿತ್ತಾಳೆಯ ಜೊತೆಗೆ ಅಂಗಡಿಯ ಒಂದು ಪಕ್ಕದಲ್ಲಿ ಮಣ್ಣಿನ ಪಾತ್ರೆಗಳನ್ನೂ ಇಟ್ಟಿದ್ದೇನೆ. ಖಾನಾಪುರ ಕಡೆಯ ನಾಲ್ಕು ಕುಂಬಾರ ಮನೆಗಳಿಂದ ಮಾಲು ತರುತ್ತೇನೆ. ಬಸದಿಯ ಸೇವಾ ಕೆಲಸಕ್ಕೆ ಓಡಾಡುವಾಗ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳು ಹಣತೆ, ಹೂಜಿ, ಕುಂಡಗಳನ್ನು ತಂದು ಅಲಂಕರಿಸಿ ಮಾರುವುದನ್ನು ನೋಡಿದ್ದೇನೆ. ಒಂದೆರಡು ವರ್ಷ ಚೆನ್ನಾಗಿ ನಡೆದು, ಜನರ ಕೈಯಲ್ಲಿ ದುಡ್ಡು ಕಡಿಮೆಯಾದ ಕೂಡಲೇ ನಿಂತುಬಿಡುತ್ತದೆ. "ಅಣ್ಣಾ, ಇದರಾಗ ಏನೂ ಉಳಿಯೂದಿಲ್ರೀ" ಎಂದು ಹೇಳುತ್ತಾರೆ. ಉಳಿಯುತ್ತದೆ. ಆದರೆ ಲೆಕ್ಕ ಬೇರೆ ರೀತಿ ಇಡಬೇಕು. ನಾನು ಏಟು ತಿಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2020ರ ಯುಗಾದಿ

ನೀರಿನ ಗಡಿಗೆ, ಹರವಿಗಳ ವ್ಯಾಪಾರ ಶಿವರಾತ್ರಿಯಿಂದ ಮುಂಗಾರಿನವರೆಗೆ ಮಾತ್ರ. ಹೀಗಾಗಿ ಪ್ರತಿ ವರ್ಷ ಮಣ್ಣಿನ ಪಾತ್ರೆಗೆಂದು ಇಟ್ಟ ಹಣವನ್ನೆಲ್ಲ ಫೆಬ್ರವರಿಯಲ್ಲೇ ಮಾಲಿಗೆ ಹಾಕುತ್ತಿದ್ದೆ. 2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಅದೇ ದಿನದಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ನನ್ನ ಶೆಡ್ಡಿನಲ್ಲಿ ನಾಲ್ಕು ನೂರು ಗಡಿಗೆಗಳಿದ್ದವು. ಕುಂಬಾರರಿಗೆ ಅರ್ಧ ಹಣ ಕೊಟ್ಟಾಗಿತ್ತು, ಇನ್ನರ್ಧ ಯುಗಾದಿ ಆದ ಮೇಲೆ ಕೊಡುವ ಮಾತಿತ್ತು.

ನಾಚಿಕೆಯಾದರೂ ಹೇಳುತ್ತೇನೆ. ಹಿರಿಯ ಕುಂಬಾರರೊಬ್ಬರಿಗೆ ಫೋನ್ ಮಾಡಿ "ಕಾಕಾ, ಮಾಲು ವಾಪಸ್ ತಗೊಂಡಬಿಡ್ರಿ" ಎಂದೆ. ಅವರು ಸಿಟ್ಟಾಗಲಿಲ್ಲ. "ಸಾವ್ಕಾರ್ರ, ಹಸಿ ಮಣ್ಣು ಒಯ್ದಿದ್ರ ವಾಪಸ್ ತಗೋತಿದ್ದೆ. ಸುಟ್ಟ ಮ್ಯಾಲ ಅದು ಮತ್ತ ಮಣ್ಣಾಗೂದಿಲ್ಲ. ಹುಡುಗ ತಿಗರಿ ಬಿಟ್ಟು ಗೋವಾಕ್ಕ ಹೊಕ್ಕೀನಿ ಅನ್ನಾಕತ್ತಾನ" ಎಂದರು. ಆಗ ನನಗೆ ತಿಳಿಯಿತು, ನಷ್ಟ ನನ್ನ ಶೆಡ್ಡಿನಲ್ಲಿ ಮಾತ್ರ ಇಲ್ಲ ಎಂದು. ತಿಗರಿ ಬಿಟ್ಟು ಹೋದ ಹುಡುಗ ಮರಳಿ ಬಂದು ಕೂರುವುದು ಕಡಿಮೆ. ಅವನು ಹೋದರೆ ಮುಂದಿನ ವರ್ಷ ನನಗೆ ಮಾಲು ಕೊಡುವವರೇ ಇಲ್ಲ. ಬಾಕಿಯನ್ನು ನಾಲ್ಕು ಕಂತಿನಲ್ಲಿ ಮುಟ್ಟಿಸಿದೆ. ಅದಕ್ಕಾಗಿ ಮನೆ ಖರ್ಚಿಗಿಟ್ಟ ದುಡ್ಡಿಗೆ ಕೈ ಹಾಕಬೇಕಾಯಿತು.

ಕುಂಬಾರ ಶ್ರಾವಕನ ಮೂರು ಪಾಲು

ಆ ಬಿಡುವಿನ ದಿನಗಳಲ್ಲಿ ಶ್ವೇತಾಂಬರ ಆಗಮವಾದ ಉಪಾಸಕದಶಾಂಗದ ಸದ್ದಾಲಪುತ್ತನ ಕಥೆ ಮತ್ತೆ ನೆನಪಿಗೆ ಬಂತು. ಭಗವಾನ್ ಮಹಾವೀರರ ಹತ್ತು ಪ್ರಮುಖ ಶ್ರಾವಕರ ಚರಿತ್ರೆ ಅದರಲ್ಲಿದೆ. ಏಳನೆಯವನಾದ ಸದ್ದಾಲಪುತ್ತ ಪೋಲಾಸಪುರದ ಕುಂಬಾರ. ಊರ ಹೊರಗೆ ಅವನಿಗೆ 500 ಕುಂಬಾರಿಕೆಯ ಅಂಗಡಿಗಳಿದ್ದವು. ಕೂಲಿಯಾಳುಗಳು ದೊಡ್ಡ ಗಡಿಗೆ, ಅರ್ಧ ಗಡಿಗೆ, ಕಲಶ ಹೀಗೆ ಹಲವು ಬಗೆಯ ಪಾತ್ರೆ ಮಾಡುತ್ತಿದ್ದರು, ಮಾಲನ್ನು ರಾಜಬೀದಿಯಲ್ಲಿ ಮಾರುತ್ತಿದ್ದರು. ಅವನ ಸಂಪತ್ತು ಮೂರು ಕೋಟಿ ಹೊನ್ನು. ಒಂದು ಕೋಟಿ ನಿಧಿಯಾಗಿ ಭದ್ರ, ಒಂದು ಕೋಟಿ ವ್ಯವಹಾರದಲ್ಲಿ, ಒಂದು ಕೋಟಿ ಮನೆ ಮತ್ತು ಆಸ್ತಿಯಲ್ಲಿ.

ಸದ್ದಾಲಪುತ್ತ ಮೊದಲು ಆಜೀವಿಕ ಮತದವನು. ಎಲ್ಲವೂ ನಿಯತಿ, ಪ್ರಯತ್ನದಿಂದ ಏನೂ ಆಗುವುದಿಲ್ಲ ಎಂದು ನಂಬಿದವನು. ಮಹಾವೀರರು ಅವನ ಮಡಕೆಗಳನ್ನೇ ತೋರಿಸಿ, ಇವು ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆ ಆದವೋ ಎಂದು ಕೇಳಿದರು. ಯಾರಾದರೂ ನಿನ್ನ ಮಡಕೆ ಕದ್ದರೆ, ಒಡೆದರೆ ಏನು ಮಾಡುತ್ತೀ ಎಂದೂ ಕೇಳಿದರು. ಶಿಕ್ಷಿಸುತ್ತೇನೆ ಎಂದ. ಎಲ್ಲವೂ ನಿಯತಿಯಾದರೆ ಒಡೆದವನದು ತಪ್ಪು ಹೇಗಾಗುತ್ತದೆ? ಅಲ್ಲಿಗೆ ಅವನ ಕಣ್ಣು ತೆರೆಯಿತು.

ವ್ಯಾಪಾರ ಬಿದ್ದಾಗ ನಾವೂ "ಕಾಲ ಸರಿ ಇಲ್ಲ" ಎಂದು ಕೈಕಟ್ಟಿ ಕೂರುತ್ತೇವೆ. ಕಾಲ ನಮ್ಮ ಕೈಯಲ್ಲಿಲ್ಲ, ನಿಜ. ಹಣವನ್ನು ಹೇಗೆ ಹಂಚುತ್ತೇವೆ, ಎಷ್ಟು ಮಾಲು ಒಡೆಯಲು ಬಿಡುತ್ತೇವೆ, ಯಾವ ತಿಂಗಳು ಏನು ಮಾರುತ್ತೇವೆ ಎಂಬುದು ನಮ್ಮ ಕೈಯಲ್ಲೇ ಇದೆ.

ಅಂದಿನಿಂದ ಮಣ್ಣಿನ ವ್ಯಾಪಾರದ ಹಣವನ್ನು ನಾನೂ ಮೂರು ಪಾಲು ಮಾಡಿದೆ. ಒಂದು ಪಾಲು ಮಾಲಿಗೆ. ಒಂದು ಪಾಲು ಬ್ಯಾಂಕಿನಲ್ಲಿ, ಮುಟ್ಟುವಂತಿಲ್ಲ. ಮೂರನೆಯದು ಮನೆಗೆ, ಅದನ್ನು ಅಂಗಡಿಗೆ ತರುವಂತಿಲ್ಲ. 2021ರಲ್ಲಿ ಏಪ್ರಿಲ್ ಕೊನೆಗೆ ಮತ್ತೆ ಅಂಗಡಿ ಮುಚ್ಚಬೇಕಾಗಿ ಬಂದಾಗ ನನ್ನ ಶೆಡ್ಡಿನಲ್ಲಿ ಇದ್ದದ್ದು ಹಿಂದಿನ ವರ್ಷದ ಅರ್ಧ ಮಾಲು ಮಾತ್ರ. ಬಾಕಿ ಯಾರಿಗೂ ಇರಲಿಲ್ಲ.

ಒಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ

ಈ ವ್ಯಾಪಾರದಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿ. ಮಡಕೆ ಒಣಗುವಾಗ ಬಿರಿಯುತ್ತದೆ, ಆವಿಗೆಯಲ್ಲಿ ಒಡೆಯುತ್ತದೆ, ಟೆಂಪೋದಲ್ಲಿ ಒಡೆಯುತ್ತದೆ, ಗಿರಾಕಿಯ ಕೈಯಲ್ಲೂ ಒಡೆಯುತ್ತದೆ.

ಉದಾಹರಣೆಗೆ, ನೂರು ಗಡಿಗೆಗೆ ಮಣ್ಣು, ಸೌದೆ, ಕೂಲಿ, ಸಾಗಾಟ ಸೇರಿ 8,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಒಂದಕ್ಕೆ 80 ರೂಪಾಯಿ ಬಿತ್ತು ಎಂದು 90ಕ್ಕೆ ಮಾರುತ್ತೇವೆ, ಹತ್ತು ರೂಪಾಯಿ ಲಾಭ ಎಂದುಕೊಳ್ಳುತ್ತೇವೆ. ಆದರೆ ಇಪ್ಪತ್ತು ಒಡೆದರೆ ಮಾರಲು ಉಳಿದದ್ದು ಎಂಬತ್ತು. ಅಸಲು ಒಂದಕ್ಕೆ 100 ರೂಪಾಯಿ ಆಯಿತು. ಅಂದರೆ ಪ್ರತಿ ಗಡಿಗೆಗೂ ಹತ್ತು ರೂಪಾಯಿ ನಷ್ಟ. ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ!

ಇಪ್ಪತ್ತರ ಬದಲು ಹತ್ತೇ ಒಡೆದರೆ ಅಸಲು ಸುಮಾರು 89ಕ್ಕೆ ಇಳಿಯುತ್ತದೆ. ದರ ಏರಿಸಿದರೆ ಗಿರಾಕಿ ಓಡುವ ಕಾಲದಲ್ಲಿ ಒಡೆಯುವುದನ್ನು ತಗ್ಗಿಸುವುದೇ ಅಗ್ಗದ ದಾರಿ. ಗಡಿಗೆಗಳ ನಡುವೆ ಭತ್ತದ ಹುಲ್ಲು ಹಾಕಿಸಿ, ಬಾಯಿ ಕೆಳಗೆ ಮಾಡಿ ಜೋಡಿಸಿ, ಇಳಿಸುವಾಗ ಒಬ್ಬರು ಎದುರಿಗೆ ನಿಲ್ಲಿ. ಕೊಳ್ಳುವಾಗ ಪ್ರತಿಯೊಂದನ್ನೂ ಬೆರಳಿನಿಂದ ಬಾರಿಸಿ ನೋಡಿ. ಚೆನ್ನಾಗಿ ಸುಟ್ಟದ್ದು ಟಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಕೇಳುತ್ತದೆ. ಬಾಯಿ ಮುಕ್ಕಾದ ಗಡಿಗೆಯನ್ನು ಎಸೆಯಬೇಡಿ, ತಳಕ್ಕೆ ತೂತು ಹಾಕಿದರೆ ಗಿಡದ ಕುಂಡವಾಗುತ್ತದೆ.

ಅಸಲು ತಗ್ಗಿಸಲು ಕುಂಬಾರರ ಜೊತೆ ಚೌಕಾಸಿ ಮಾಡುವುದು ಮಾತ್ರ ಬೇಡ. ಅವರು ಹತ್ತು ರೂಪಾಯಿ ಬಿಟ್ಟುಕೊಟ್ಟರೆ ಸೌದೆ ಕಡಿಮೆ ಮಾಡುತ್ತಾರೆ. ಅರೆಬೆಂದ ಗಡಿಗೆ ನಮ್ಮ ಅಂಗಡಿಯ ಹೆಸರನ್ನೇ ಕೆಡಿಸುತ್ತದೆ.

ಒಂದೇ ಹಂಗಾಮು ನಂಬಬೇಡಿ

ನಮ್ಮ ಉತ್ತರ ಕರ್ನಾಟಕದ ಪಂಚಾಂಗವೇ ಮಣ್ಣಿನ ವ್ಯಾಪಾರದ ಪಂಚಾಂಗ. ಬೇಸಿಗೆಗೆ ನೀರಿನ ಗಡಿಗೆ. ಮುಂಗಾರಿನ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ, ಆಮೇಲೆ ನಾಗಪಂಚಮಿ, ಗಣೇಶ ಚೌತಿ, ನವರಾತ್ರಿಯ ಘಟ, ಕೊನೆಗೆ ದೀಪಾವಳಿಯ ಹಣತೆ. 2020ರ ಜೂನ್‌ನಲ್ಲಿ ನಮ್ಮ ಕುಂಬಾರ ಕಾಕಾನ ಮನೆ ನಡೆದದ್ದು ಮಣ್ಣೆತ್ತಿನಿಂದ. ಅದನ್ನು ಸುಡಬೇಕಿಲ್ಲ, ಸೌದೆ ಖರ್ಚಿಲ್ಲ. ಆಮೇಲೆ ಮನೆಯಲ್ಲೇ ಕುಳಿತ ಜನ ಗಿಡ ಬೆಳೆಸತೊಡಗಿದರು, ಕುಂಡಗಳಿಗೆ ಬೇಡಿಕೆ ಬಂತು. ಹುಡುಗ ಗೋವಾಕ್ಕೆ ಹೋಗಲಿಲ್ಲ.

ದೀಪಾವಳಿ ನಮಗೆ ಭಗವಾನ್ ಮಹಾವೀರರ ನಿರ್ವಾಣ ಕಲ್ಯಾಣಕದ ದಿನ. ಬಸದಿಗಳಲ್ಲಿ, ಮನೆಗಳಲ್ಲಿ ಎಷ್ಟು ಹಣತೆ ಬೇಕು ಎಂಬುದು ಪ್ರತಿ ವರ್ಷ ಹೆಚ್ಚುಕಡಿಮೆ ಒಂದೇ. ಹಾಗಿದ್ದಮೇಲೆ ಆರ್ಡರನ್ನು ಹಿಂದಿನ ವಾರ ಏಕೆ ಕೊಡಬೇಕು? ಬೇಸಿಗೆಯಲ್ಲೇ ಅರ್ಧ ಮುಂಗಡ ಕೊಟ್ಟರೆ, ಕೆರೆ ಒಣಗಿರುವಾಗ ಕುಂಬಾರರು ಮಣ್ಣು ತುಂಬಿಸಿಕೊಳ್ಳುತ್ತಾರೆ, ಸೌದೆ ಒಣಗಿದ್ದು ಸಿಗುತ್ತದೆ. ಮಳೆಗಾಲದಲ್ಲಿ ಮಡಕೆ ಒಣಗುವುದೇ ಕಷ್ಟ, ಆಗ ಅವಸರದ ಕೆಲಸಕ್ಕೆ ಒಡೆಯುವುದು ಹೆಚ್ಚು.

ಗಿರಾಕಿಗೆ ಇದ್ದದ್ದನ್ನೇ ಹೇಳಿ

ಮೊಬೈಲ್‌ನಲ್ಲಿ ಫೋಟೋ ಹಾಕಿದರೆ ಸಾಲದು. ಎಷ್ಟು ಲೀಟರ್ ಹಿಡಿಯುತ್ತದೆ, ಎತ್ತರ ಎಷ್ಟು, ಮುಚ್ಚಳ ಇದೆಯೋ ಇಲ್ಲವೋ, ಒಲೆಯ ಮೇಲೆ ಇಡಬಹುದೋ, ಬರೆಯಿರಿ. ಇದನ್ನು ಬರೆಯತೊಡಗಿದ ಮೇಲೆ ನನಗೆ ವಾಪಸ್ ಬರುವ ಮಾಲು ಕಡಿಮೆಯಾಯಿತು.

ಗಡಿಗೆಯ ನೀರು ತಂಪಾಗುವುದು ಸೂಕ್ಷ್ಮ ರಂಧ್ರಗಳಿಂದ ನೀರು ಹೊರಬಂದು ಆವಿಯಾಗುವುದರಿಂದ. ಆದ್ದರಿಂದ ಹೊರಗೆ ಎಣ್ಣೆ ಬಣ್ಣ ಹಚ್ಚಿದ ಗಡಿಗೆ ತಂಪು ಕೊಡುವುದಿಲ್ಲ. ಮಳೆಗಾಲದ ತೇವದ ಗಾಳಿಯಲ್ಲೂ ಅಷ್ಟಾಗಿ ತಂಪಾಗುವುದಿಲ್ಲ. ಇದನ್ನು ಮೊದಲೇ ಹೇಳಿ. ಆ ರೋಗ ಹೋಗುತ್ತದೆ, ಈ ರೋಗ ಹೋಗುತ್ತದೆ ಎಂದು ಹೇಳಿ ಮಾರಬೇಡಿ, ಅದು ಸತ್ಯವ್ರತಕ್ಕೂ ಸಲ್ಲದು, ವ್ಯಾಪಾರಕ್ಕೂ ಸಲ್ಲದು. ಹೊಸ ಗಡಿಗೆಯನ್ನು ಒಂದು ದಿನ ನೀರಿನಲ್ಲಿ ನೆನೆಸಬೇಕು, ಸೋಪು ಹಾಕದೆ ತೆಂಗಿನ ನಾರಿನಿಂದ ತೊಳೆಯಬೇಕು, ಆಗಾಗ ಬಿಸಿಲಿಗೆ ಒಣಗಿಸಬೇಕು ಎಂದು ಚೀಟಿ ಬರೆದು ಜೊತೆಗೆ ಕೊಡಿ. ನೀರನ್ನು ಸೋಸಿ, ಕಾಯಿಸಿ ಕುಡಿಯುವ ನಮ್ಮ ಮನೆಗಳಿಗೆ ಈ ಚೀಟಿ ಬಹಳ ಉಪಯೋಗ. ಬಣ್ಣ ಹಚ್ಚಿದ ಪಾತ್ರೆಯನ್ನು ಅಲಂಕಾರಕ್ಕೆ ಮಾತ್ರ ಮಾರಿ, ಊಟಕ್ಕೆ ಬೇಡ.

ದೊಡ್ಡ ಗಿರಾಕಿ ಸಿಕ್ಕಿದನೆಂದು ಉದ್ರಿ ಕೊಡಬೇಡಿ. ಒಂದು ಹೋಟೆಲಿಗೆ ಮೊಸರಿನ ಕುಡಿಕೆ ಕೊಟ್ಟು, ಎರಡು ತಿಂಗಳ ಮಾತಿನ ಹಣಕ್ಕೆ ಎಂಟು ತಿಂಗಳು ಅಲೆದಿದ್ದೇನೆ. ಒಬ್ಬ ದೊಡ್ಡವನಿಗಿಂತ ಹತ್ತು ಸಣ್ಣ ಗಿರಾಕಿಗಳು ಮೇಲು. ನರ್ಸರಿ, ಚಹಾ ಅಂಗಡಿ, ಮದುವೆ ಮನೆ, ಬಸದಿ, ನಾಲ್ಕು ಕಡೆ ಕೊಡಿ. ಅರ್ಧ ಮುಂಗಡ ಪಡೆಯಿರಿ.

ಸರ್ಕಾರದ ನೆರವು

ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಆರಂಭವಾಯಿತು. ಅದರ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ ಸಿಗುತ್ತದೆ. ಜಾಮೀನಿಲ್ಲದೆ ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ಸರಿಯಾಗಿ ತೀರಿಸಿದರೆ ಆಮೇಲೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಇದು ಕೈಯಿಂದ ಕೆಲಸ ಮಾಡುವವರಿಗೆ, ನಮ್ಮಂಥ ವ್ಯಾಪಾರಿಗಳಿಗಲ್ಲ. ನಾವು ಮಾಡಬಹುದಾದ ಸೇವೆ ಎಂದರೆ ಕುಂಬಾರರನ್ನು ಸಾಮಾನ್ಯ ಸೇವಾ ಕೇಂದ್ರಕ್ಕೆ ಕರೆದೊಯ್ದು ಅರ್ಜಿ ಹಾಕಿಸುವುದು. ಕಲಿಯಬೇಕೆನ್ನುವವರಿಗೆ ಖಾನಾಪುರದಲ್ಲೇ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಮಣ್ಣಿನ ಮಡಕೆ, ಹಣತೆಗಳಿಗೆ ಜಿಎಸ್‌ಟಿ ಇಲ್ಲ. ಹೊಳಪು ಕೊಟ್ಟ ಪಿಂಗಾಣಿ ಪಾತ್ರೆಗಳಿಗೆ ಇದೆ, ಬಿಲ್ ಬೇರೆ ಇಡಿ.

ಸಾಲ ಸಿಗುತ್ತದೆಂದು ವ್ಯಾಪಾರ ಬಿದ್ದ ಕಾಲದಲ್ಲಿ ಶೆಡ್ಡು ತುಂಬಿಸಬೇಡಿ. ಸಾಲವನ್ನು ಸಲಕರಣೆಗೆ ಹಾಕಿ, ಮಾಲನ್ನು ಮುಂಗಡ ಬಂದಷ್ಟೇ ಮಾಡಿಸಿ.

ಕುಂಬಾರ ಕಾಕಾನ ಮಗ ಈಗ ತಿಗರಿಯ ಮೇಲಿದ್ದಾನೆ. ಬರುವ ದೀಪಾವಳಿಗೆ ನಿಮ್ಮ ಊರಿನ ಬಸದಿಗೆ ಎಷ್ಟು ಹಣತೆ ಬೇಕೆಂದು ಇವತ್ತೇ ಲೆಕ್ಕ ಹಾಕಿ, ನಿಮ್ಮ ಹತ್ತಿರದ ಕುಂಬಾರರ ಮನೆಗೆ ಹೋಗಿ ಅರ್ಧ ಹಣ ಕೊಟ್ಟು ಬನ್ನಿ.

ಜೈ ಜಿನೇಂದ್ರ.