ಮೋಟಾರ್ ಸೈಕಲ್ ಸವಾರರು ಕಾಲಿಗೆ ಏನು ತೊಡಬೇಕು?



ಹಿಂದೆ ಎತ್ತಿನ ಬಂಡಿಯಿಂದ ಆಗುತ್ತಿದ್ದ ಎಷ್ಟೋ ಕೆಲಸಗಳು ಈಗ ಮೋಟಾರ್ ಸೈಕಲ್ಲಿನಿಂದ ಆಗುತ್ತಿವೆ. ಹೊಲಕ್ಕೆ ಬುತ್ತಿ ಒಯ್ಯುವುದು, ಡೈರಿಗೆ ಹಾಲು ಹಾಕುವುದು, ಮುಂಡರಗಿಯಿಂದ ಬೀಜ ಗೊಬ್ಬರ ತರುವುದು, ಸಿಂಗಟಾಲೂರು ವೀರಭದ್ರೇಶ್ವರನ ದರ್ಶನಕ್ಕೆ ಹೋಗುವುದು, ಎಲ್ಲವೂ ಅದರ ಮೇಲೆಯೇ. ತಲೆಗೆ ಹೆಲ್ಮೆಟ್ ಇರಬೇಕೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸಿದೆ. ಕಾಲಿಗೆ ಏನು ತೊಡಬೇಕೆಂಬುದನ್ನು ಮಾತ್ರ ನಾವೇ ಯೋಚಿಸಬೇಕಾಗಿದೆ. ಒಕ್ಕಲಿಗನಿಗೆ ಕಾಲೇ ಬಂಡವಾಳ. ಮೊಣಕಾಲಿನ ಗಾಯ ಮಾಯುವ ತನಕ ಬಿತ್ತಿಗೆಯ ಹದ ಕಾದು ನಿಲ್ಲುವುದಿಲ್ಲ.

ಅಪಾಯ ಎಲ್ಲಿದೆ?

ಗಾಡಿ ಜಾರಲು ಬಹಳ ವೇಗ ಬೇಕಿಲ್ಲ. ಟ್ರ್ಯಾಕ್ಟರ್ ಗಾಲಿಯಿಂದ ಡಾಂಬರಿನ ಮೇಲೆ ಬಿದ್ದ ಎರೆಮಣ್ಣು ಹಸಿಯಾದರೆ ಸಾಕು. ರಸ್ತೆಯ ಮೇಲೆ ಒಕ್ಕಲು ಹರಡಿದ ಕಾಳಿದ್ದರೂ ಸಾಕು. ಗಂಟೆಗೆ 40 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 36 ಅಡಿ. ಆ ವೇಗದಲ್ಲಿ ಬಿದ್ದವನ ಕಾಲನ್ನು ರಸ್ತೆಯು ಉಜ್ಜುಗಲ್ಲಿನಂತೆ ಕೆತ್ತುತ್ತದೆ. ಇದು ಮೊದಲನೆಯ ಅಪಾಯ. ಮೊಣಕಾಲು ಚಿಪ್ಪಿಗೆ ಬೀಳುವ ಪೆಟ್ಟು ಎರಡನೆಯದು. ಸೈಲೆನ್ಸರ್ ತಗುಲಿ ಮೀನಖಂಡ ಸುಡುವುದು ಮೂರನೆಯದು. ಸಡಿಲ ಬಟ್ಟೆ ಗಾಲಿಗೆ ಅಥವಾ ಚೈನಿಗೆ ಸಿಕ್ಕಿ ಎಳೆಯುವುದು ನಾಲ್ಕನೆಯದು. ಈ ನಾಲ್ಕನ್ನೂ ನೆನಪಿನಲ್ಲಿಟ್ಟುಕೊಂಡು ಉಡುಪು ಆರಿಸತಕ್ಕದ್ದು.

ಯಾವುದು ಬೇಡ?

ದೋತರ, ಲುಂಗಿಗಳು ಹೊಲದ ಕೆಲಸಕ್ಕೆ ಒಳ್ಳೆಯವು, ಸವಾರಿಗೆ ಅಲ್ಲ. ದೋತರ ಬಿಡಲಾಗದ ಹಿರಿಯರು ಕಚ್ಚೆಯನ್ನು ಬಿಗಿಯಾಗಿ ಕಟ್ಟಿ, ಚುಂಗುಗಳನ್ನು ಒಳಗೆ ಸಿಕ್ಕಿಸಿಕೊಂಡೇ ಕೂಡಬೇಕು. ನೈಲಾನ್, ಪಾಲಿಯೆಸ್ಟರಿನ ತೆಳು ಟ್ರ್ಯಾಕ್ ಪ್ಯಾಂಟೂ ಬೇಡ. ಅದು ಉಜ್ಜಿದ ಬಿಸಿಗೆ, ಇಲ್ಲವೆ ಸೈಲೆನ್ಸರಿನ ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮಳೆಗಾಲದ ಪ್ಲಾಸ್ಟಿಕ್ ಪ್ಯಾಂಟ್ ತೊಟ್ಟಾಗಲೂ ಸೈಲೆನ್ಸರಿನಿಂದ ಕಾಲು ದೂರವಿರಲಿ.

ಹಿಂದೆ ಕೂಡುವ ತಾಯಂದಿರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಒಟ್ಟುಮಾಡಿಕೊಂಡು ಕೂಡಬೇಕು. ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ಕವಚವಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮ ಹೇಳುತ್ತದೆ. ಅಂದಕ್ಕೆಂದು ಈ ಸೀರೆ ಗಾರ್ಡನ್ನು ಬಿಚ್ಚಿ ಅಟ್ಟಕ್ಕೆ ಎಸೆಯಕೂಡದು.

ಯಾವುದು ಬೇಕು?

ಖರ್ಚನ್ನು ಮೂರು ಮೆಟ್ಟಿಲು ಮಾಡಿಕೊಳ್ಳಬಹುದು.

ಮೊದಲನೆಯದು, ದಪ್ಪ ಹತ್ತಿ ಬಟ್ಟೆಯ ಪೂರ್ಣ ಪ್ಯಾಂಟು ಮತ್ತು ಹರಡನ್ನು ಮುಚ್ಚುವ ಬೂಟು. ಇವು ಸುಟ್ಟಗಾಯ, ಸಣ್ಣ ತರಚುಗಳನ್ನು ತಡೆಯುತ್ತವೆ. ಆದರೆ ಇಷ್ಟರಿಂದಲೇ ಧೈರ್ಯ ತಾಳಬಾರದು. ಸಾಮಾನ್ಯ ಜೀನ್ಸ್ ಬಟ್ಟೆ ಸವೆತದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ಸೆಕೆಂಡಿನೊಳಗೇ ತೂತಾಗುತ್ತದೆ.

ಎರಡನೆಯದು, ಪ್ಯಾಂಟಿನ ಮೇಲೆ ಕಟ್ಟುವ ಮೊಣಕಾಲು ಕವಚ. ಮೇಲೆ ಗಟ್ಟಿ ಚಿಪ್ಪು, ಒಳಗೆ ಮೆತ್ತೆ, ಮೊಣಕಾಲಿನ ಮೇಲೊಂದು ಕೆಳಗೊಂದು ಪಟ್ಟಿ ಇರಬೇಕು. ದಿನವೂ ಊರಿಂದೂರಿಗೆ ಓಡಾಡುವವರಿಗೆ ಇದು ಅವಶ್ಯ.

ಮೂರನೆಯದು, ಸವಾರಿಗೆಂದೇ ಹೊಲಿದ ಪ್ಯಾಂಟು. ಇದರಲ್ಲಿ ಸವೆತ ತಡೆಯುವ ಕೆವ್ಲಾರ್‌ನಂಥ ನಾರಿನ ಬಟ್ಟೆಯೂ, ಮೊಣಕಾಲು ಸೊಂಟಗಳಿಗೆ ಮೆತ್ತೆಯೂ ಇರುತ್ತವೆ. ಒಳಗಿನ ಚೀಟಿ ನೋಡಿರಿ. ಯುರೋಪಿನ ಇಎನ್ 17092 ಮಾನದಂಡದಲ್ಲಿ ಎ ಗಿಂತ ಎಎ, ಅದಕ್ಕಿಂತ ಎಎಎ ಮೇಲು. ಮೆತ್ತೆಗೆ ಇಎನ್ 1621-1 ಎಂಬ ಗುರುತಿದ್ದು, 1ನೆಯ ದರ್ಜೆಗಿಂತ 2ನೆಯ ದರ್ಜೆ ಹೆಚ್ಚು ಪೆಟ್ಟು ನುಂಗುತ್ತದೆ. ನಮ್ಮ ಬೇಸಗೆಗೆ ಗಾಳಿಯಾಡುವ ಜಾಳಿಗೆ ಬಟ್ಟೆಯದು ಅನುಕೂಲ. ಸೆಕೆಗೆ ಹೆದರಿ ಮನೆಯಲ್ಲಿ ಬಿಟ್ಟು ಹೋಗುವ ಉಡುಪಿನಿಂದ ಪ್ರಯೋಜನವಿಲ್ಲ.

ಇದರಿಂದ ಲಾಭವಿದೆಯೇ ಎಂದು ಕೇಳಬಹುದು. ಆಸ್ಟ್ರೇಲಿಯದಲ್ಲಿ 2008-09ರಲ್ಲಿ ಬಿದ್ದ 212 ಸವಾರರನ್ನು ವಿಚಾರಿಸಿ ನೋಡಿದಾಗ, ಸವಾರಿ ಪ್ಯಾಂಟ್ ತೊಟ್ಟವರು ಆಸ್ಪತ್ರೆಗೆ ದಾಖಲಾಗುವ ಸಂಭವ ತೊಡದವರಿಗಿಂತ ಸುಮಾರು ಅರ್ಧದಷ್ಟಿತ್ತು. ಆದರೆ ಪೆಟ್ಟು ತಿಂದ ಅಂಥ ಪ್ಯಾಂಟುಗಳಲ್ಲಿ ನಾಲ್ಕಕ್ಕೆ ಒಂದಕ್ಕಿಂತ ಹೆಚ್ಚು ಹರಿದು ಇಲ್ಲವೆ ತೂತಾಗಿ ಕೈಕೊಟ್ಟಿದ್ದವು. ಆದುದರಿಂದ ಹೆಸರು ನೋಡಿ ಕೊಳ್ಳದೆ ಹೊಲಿಗೆ ನೋಡಿ ಕೊಳ್ಳಿರಿ. ತೊಡೆ, ಪೃಷ್ಠಗಳ ಕಡೆ ಒಂದೇ ಸಾಲಿನ ಹೊಲಿಗೆಯಿದ್ದರೆ ಬೇಡ. ಜೋರಾದ ಡಿಕ್ಕಿಯಲ್ಲಿ ಎಲುಬು ಮುರಿಯುವುದನ್ನು ಯಾವ ಉಡುಪೂ ಪೂರ್ತಿ ತಡೆಯಲಾರದೆಂಬುದೂ ತಿಳಿದಿರಲಿ. ವೇಗ ಹಿಡಿತದಲ್ಲಿರುವುದೇ ಮೊದಲ ರಕ್ಷಣೆ.

ಅಳತೆ ನೋಡುವ ಬಗೆ

ಅಂಗಡಿಯಲ್ಲಿ ನಿಂತು ಅಳತೆ ನೋಡಿದರೆ ಸಾಲದು. ಗಾಡಿಯ ಮೇಲೆ ಕುಳಿತು ನೋಡಬೇಕು. ಕುಳಿತಾಗ ಮೆತ್ತೆ ಮೊಣಕಾಲು ಚಿಪ್ಪಿನ ಮೇಲೇ ಇರಬೇಕು, ಪ್ಯಾಂಟಿನ ಅಂಚು ಹರಡಿನ ತನಕ ಬರಬೇಕು. ಕೈಯಿಂದ ತಿರುವಿದರೆ ಕವಚ ಪಕ್ಕಕ್ಕೆ ಸರಿಯಬಾರದು. ಪಟ್ಟಿ ಕಾಲು ಜುಮ್ಮೆನ್ನುವಷ್ಟು ಬಿಗಿಯೂ ಆಗಬಾರದು. ಒಗೆಯುವಾಗ ಮೆತ್ತೆ ತೆಗೆದು, ನೆರಳಿನಲ್ಲಿ ಒಣಗಿಸಿರಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಮೆತ್ತೆಯನ್ನು ಬದಲಿಸಿರಿ.

ಗಾಯವಾದರೆ

ಸೈಲೆನ್ಸರ್ ಸುಟ್ಟರೆ ಕೂಡಲೇ 20 ನಿಮಿಷ ಹರಿಯುವ ತಣ್ಣೀರು ಬಿಡಿರಿ. ಅರಿಶಿನ, ಟೂತ್‌ಪೇಸ್ಟ್, ಮಸಿ ಹಚ್ಚಬೇಡಿರಿ. ತರಚು ಗಾಯವನ್ನು ಸಾಬೂನು ನೀರಿನಿಂದ ತೊಳೆಯಿರಿ. ನಮ್ಮ ದಾರಿಯ ಮಣ್ಣಿನಲ್ಲಿ ಸೆಗಣಿ ಬೆರೆತಿರುತ್ತದೆ. ಧನುರ್ವಾಯುವಿನ ಬೀಜಾಣು ಅಂಥಲ್ಲಿಯೇ ಇರುವುದು. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದಿನ ವಿಷಯ ಕೇಳಿರಿ.

ಮೊಣಕಾಲು ಕವಚವನ್ನು ಪೆಟ್ಟಿಗೆಯಲ್ಲಿ ಇಡಬೇಡಿರಿ. ಗಾಡಿಯ ಕೀಲಿ ತೂಗುಹಾಕುವ ಗೂಟಕ್ಕೇ ಅದನ್ನೂ ತೂಗುಹಾಕಿರಿ. ಹೊಲ ಎರಡು ಹರದಾರಿ ಇರಲಿ, ಊರ ಅಂಚಿನಲ್ಲೇ ಇರಲಿ, ಕೀಲಿ ತೆಗೆದುಕೊಂಡ ಕೈ ಕವಚವನ್ನೂ ತೆಗೆದುಕೊಳ್ಳುವ ರೂಢಿಯಾಗಲಿ.