ಮಾಟುಂಗದ ಮೆಟ್ಟಿಲುಗಳು: ಕಟ್ಟಡ ಬೀಳೋ ಮುಂಚೆ ಬೀದಿಯ ಫೋಟೋ ತೆಗೆಯೋದು ಹೇಗೆ

ಮೊದಲು ಒಂದು ಪ್ರಶ್ನೆ. ನೀವು ಚಿಕ್ಕವರಿದ್ದಾಗ ಓಡಾಡಿದ ಕಟ್ಟಡದ ಮೆಟ್ಟಿಲಿನ ಫೋಟೋ ನಿಮ್ಮ ಹತ್ರ ಇದೆಯಾ? ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ ಎಲ್ಲದರ ಫೋಟೋನೂ ಇರುತ್ತೆ. ಮೆಟ್ಟಿಲಿಂದು?

ನನ್ನ ಹತ್ರ ಇಲ್ಲ. ನಮ್ಮ ದೊಡ್ಡಪ್ಪನ ಮನೆ ಮಾಟುಂಗದಲ್ಲಿ, ಮೂರನೇ ಮಹಡಿಯಲ್ಲಿತ್ತು. ಕುಂದಾಪುರ ಕಡೆಯಿಂದ ಬಂದವರು, ಬಾಡಿಗೆಗೆ ಹೊಕ್ಕ ಮನೆಯಲ್ಲೇ ಆಯಸ್ಸು ಕಳೆದರು. ನಾನು ವಿಜೆಟಿಐನಲ್ಲಿ ಎಂಟೆಕ್ ಮಾಡುವಾಗ ಎರಡು ವರ್ಷ ರಾತ್ರಿ ಊಟ ಅಲ್ಲೇ. ಆಮೇಲೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಒಂದು ಸಲ ಬಂದು ನೋಡಿದ್ರೆ ಕಟ್ಟಡದ ಸುತ್ತ ನೀಲಿ ತಗಡು. ದೊಡ್ಡಮ್ಮ ಬಾಡಿಗೆ ಮನೆಗೆ ಹೋಗಿದ್ದರು. ಅವರು ಕೇಳಿದ್ದು ಒಂದೇ ಮಾತು: "ನೀ ಅಷ್ಟ್ ಫೋಟೋ ತೆಗಿತಿಯಲ್ಲ, ನಮ್ಮ ಮೆಟ್ಟಿಲಿಂದ್ ಒಂದ್ ಇತ್ತಾ ಮಾರಾಯ?" ಕೊನೇ ದಿನಗಳಲ್ಲಿ ದೊಡ್ಡಪ್ಪ ಎರಡನೇ ಮಹಡಿಯ ತಿರುವಿನಲ್ಲಿ ರೇಲಿಂಗ್ ಹಿಡಿದು ನಿಂತು ಉಸಿರು ತಗೊಳ್ತಾ ಇದ್ದರು. ದೊಡ್ಡಮ್ಮನಿಗೆ ಬೇಕಾಗಿದ್ದು ಆ ತಿರುವು. ನನ್ನ ಕ್ಯಾಮೆರಾದಲ್ಲಿ ಮರೀನ್ ಡ್ರೈವ್‌ದು ನಾನೂರು ಫೋಟೋ ಇದ್ದವು, ಆ ತಿರುವಿನದು ಒಂದೂ ಇರಲಿಲ್ಲ. ಅವತ್ತಿನಿಂದ ತಿಂಗಳಿಗೆ ಎರಡು ಭಾನುವಾರ ಮಾಟುಂಗದ ಬೀದಿಗಳಿಗೆ ಹೋಗ್ತಾ ಇದ್ದೀನಿ.

ಮಾಟುಂಗ ಯಾಕೆ ಅಂದ್ರೆ, ಇದು ತಾನಾಗೇ ಬೆಳೆದ ಊರಲ್ಲ, ಯೋಜನೆ ಹಾಕಿ ಕಟ್ಟಿದ ಉಪನಗರ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಇಕ್ಕಟ್ಟಾದ ಊರಿನಿಂದ ಜನರನ್ನು ಉತ್ತರಕ್ಕೆ ಹರಡೋದಕ್ಕೆ ದಾದರ್, ಮಾಟುಂಗ, ಸಯಾನ್ ಕಡೆ ರಸ್ತೆ ಎಳೆದು, ಸೈಟು ಮಾಡಿ, ಲೀಸಿಗೆ ಕೊಟ್ಟರು. ಕಿಂಗ್ಸ್ ಸರ್ಕಲ್, ಫೈವ್ ಗಾರ್ಡನ್ಸ್ ಎಲ್ಲ ಆ ಯೋಜನೆಯದೇ. ಕಟ್ಟಡಗಳು ಹೆಚ್ಚಾಗಿ ಎದ್ದಿದ್ದು 1930-40ರ ದಶಕಗಳಲ್ಲಿ. ಆಗ ಆರ್ಟ್ ಡೆಕೊ ಶೈಲಿಯ ಕಾಲ. ದುಂಡಗೆ ತಿರುಗಿದ ಮೂಲೆ, ಕಿಟಕಿಗಳ ಮೇಲೆ ಗೆರೆ ಎಳೆದ ಹಾಗೆ ಸಾಗೋ ಸಜ್ಜಾ, ಮೆಟ್ಟಿಲಿನ ಜಾಗದಲ್ಲಿ ಕೆಳಗಿಂದ ಮೇಲಿನ ತನಕ ಉದ್ದ ಗಾಜಿನ ಪಟ್ಟಿ, ಸೂರ್ಯಕಿರಣದ ನಮೂನೆಯ ಗ್ರಿಲ್. ದಕ್ಷಿಣದವರು ಇಲ್ಲಿ ಬಂದು ನೆಲೆಸಿದ್ದೂ ಇದೇ ಹೊತ್ತಿಗೆ. 1926ರ ಮೈಸೂರು ಅಸೋಸಿಯೇಷನ್ ಭಾವುದಾಜಿ ರಸ್ತೆಯಲ್ಲಿದೆ, 1942ರ ಎ. ರಾಮ ನಾಯಕ್ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ ಪಕ್ಕದಲ್ಲಿ. ನಿಖಿಲ್ ರಾವ್ ಅವರ 'ಹೌಸ್, ಬಟ್ ನೋ ಗಾರ್ಡನ್' ಪುಸ್ತಕ (2013) ಈ ಫ್ಲ್ಯಾಟ್ ಜೀವನದ ಚರಿತ್ರೆಯನ್ನೇ ಹೇಳುತ್ತೆ. ಆಸಕ್ತಿ ಇದ್ದರೆ ಓದಿ.

ಹಾಗಾದ್ರೆ ಈಗ ಯಾಕೆ ಬೀಳಿಸ್ತಾ ಇದ್ದಾರೆ? ಬಿಲ್ಡರ್ ದುರಾಸೆ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು, ಅದು ಅರ್ಧ ಮಾತ್ರ. 1947ರ ಬಾಡಿಗೆ ಕಾಯ್ದೆ ಹಳೇ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಅಷ್ಟು ಕಡಿಮೆ ಬಾಡಿಗೆಗೆ ಮಾಲೀಕ ರಿಪೇರಿ ಮಾಡಿಸಲಿಲ್ಲ. ಸಮುದ್ರದ ಗಾಳಿಗೆ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತೆ, ಪ್ಲಾಸ್ಟರ್ ಉದುರುತ್ತೆ. ಸೆಸ್ ಕಟ್ಟೋ ಇಂಥ ಹಳೇ ಕಟ್ಟಡಗಳನ್ನು ಕೆಡವಿ ಕಟ್ಟಿದ್ರೆ 33(7) ನಿಯಮದಲ್ಲಿ ಹೆಚ್ಚಿನ ಎಫ್‌ಎಸ್‌ಐ ಸಿಗುತ್ತೆ. ಬಾಡಿಗೆದಾರರಿಗೆ ಸ್ವಂತ ಮನೆ, ಬಿಲ್ಡರ್‌ಗೆ ಮಾರೋಕೆ ಮೇಲಿನ ಮಹಡಿಗಳು. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮುಂಬೈ ಆರ್ಟ್ ಡೆಕೊ ಓವಲ್ ಮೈದಾನ, ಮರೀನ್ ಡ್ರೈವ್ ಕಡೆಯದು. ಮಾಟುಂಗ ಅದರಲ್ಲಿಲ್ಲ.

ದೊಡ್ಡಮ್ಮನಂತೂ ಸಹಿ ಹಾಕಿದ್ದು ಸಂತೋಷದಿಂದಲೇ. ಮಂಡಿನೋವಿಗೆ ತಿಂಗಳುಗಟ್ಟಲೆ ಕೆಳಗೆ ಇಳಿದಿರಲಿಲ್ಲ. ಕಟ್ಟಡ ಎಷ್ಟು ಚಂದ ಇತ್ತು ಅಂತ ನಾನು ಶುರು ಮಾಡಿದ್ರೆ, "ಚಂದ ಕಂಡ್ಕಂಡ್ ಹೋಪರಿಗೆ ಎಂತ, ದಿನಾ ಹತ್ತುವರಿಗೆ ಗೊತ್ತ್" ಅಂದರು. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಕಟ್ಟಡ ಉಳಿಸೋದು ಬೇರೆ ಹೋರಾಟ, ನಾನು ಹೇಳ್ತಾ ಇರೋದು ದಾಖಲೆಯ ಬಗ್ಗೆ.

ಈಗ ಕೆಲಸದ ಮಾತು. ದೊಡ್ಡ ಕ್ಯಾಮೆರಾ ಬೇಡ, ಫೋನ್ ಸಾಕು. ಎಲ್ಲರೂ ಮಾಡೋ ತಪ್ಪು ಅಂದ್ರೆ ಕಟ್ಟಡದ ಬುಡದಲ್ಲಿ ನಿಂತು ಫೋನನ್ನು ಮೇಲಕ್ಕೆ ಬಾಗಿಸೋದು. ಆಗ ಗೋಡೆಗಳು ಮೇಲೆ ಹೋಗ್ತಾ ಒಂದಕ್ಕೊಂದು ಹತ್ತಿರ ಬಂದು, ಕಟ್ಟಡ ಹಿಂದಕ್ಕೆ ಬೀಳ್ತಿರೋ ಹಾಗೆ ಕಾಣುತ್ತೆ. ರಸ್ತೆ ದಾಟಿ ಎದುರಿಗೆ ನಿಲ್ಲಿ, ಫೋನ್ ನೆಟ್ಟಗೆ ಹಿಡೀರಿ. ಕೆಳಗೆ ರಸ್ತೆ ಜಾಸ್ತಿ ಬರುತ್ತೆ, ಬರಲಿ. ಇಪ್ಪತ್ತು ವರ್ಷದ ಮೇಲೆ ಆ ರಸ್ತೆ, ನಿಂತ ಸ್ಕೂಟರು, ಹೂವಿನ ಅಂಗಡಿಯೇ ಜಾಸ್ತಿ ಬೆಲೆಬಾಳಬಹುದು. 0.5 ಲೆನ್ಸ್ ಅಂಚುಗಳನ್ನು ಎಳೆದುಬಿಡುತ್ತೆ, ತೀರಾ ಇಕ್ಕಟ್ಟಿದ್ರೆ ಮಾತ್ರ ಬಳಸಿ.

ಹಳೇ ಫೋಟೋ ಸಿಕ್ಕಿದ್ರೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯೋದು ನನಗೆ ತುಂಬಾ ಇಷ್ಟದ ಭಾಗ. ಜಾಗ ಹುಡುಕೋಕೆ ಜಿಪಿಎಸ್ ನಂಬಬೇಡಿ, ಎತ್ತರದ ಕಟ್ಟಡಗಳ ನಡುವೆ ಅದು ಎಷ್ಟೋ ಮೀಟರ್ ತಪ್ಪು ತೋರಿಸುತ್ತೆ. ಹಳೇ ಫೋಟೋದಲ್ಲಿ ಹತ್ತಿರದ್ದೊಂದು, ದೂರದ್ದೊಂದು ವಸ್ತು ಒಂದೇ ಗೆರೆಯಲ್ಲಿ ಬಂದಿರೋ ಕಡೆ ಹುಡುಕಿ: ದೀಪದ ಕಂಬ, ಅದರ ಹಿಂದೆ ಸರಿಯಾಗಿ ಒಂದು ಬಾಲ್ಕನಿಯ ಅಂಚು, ಹೀಗೆ. ನೀವು ಬಲಕ್ಕೆ ಒಂದು ಹೆಜ್ಜೆ ಇಟ್ಟರೆ ಕಂಬ ಎಡಕ್ಕೆ ಸರಿಯುತ್ತೆ, ದೂರದ ಬಾಲ್ಕನಿ ಅಷ್ಟು ಸರಿಯಲ್ಲ. ಎರಡೂ ಮತ್ತೆ ಕೂಡೋ ತನಕ ಸರೀರಿ. ಅಂಥದ್ದೇ ಇನ್ನೊಂದು ಜೋಡಿ ಫೋಟೋದ ಇನ್ನೊಂದು ತುದಿಯಲ್ಲಿ ಸಿಕ್ಕಿದ್ರೆ, ಎರಡು ಗೆರೆಗಳು ಕೂಡೋ ಜಾಗವೇ ಹಳೇ ಫೋಟೋದವರು ನಿಂತ ಜಾಗ. ಮುಂದೆ ಹಿಂದೆ ಹೋಗೋ ಬದಲು ಝೂಮ್ ಮಾಡಿದ್ರೆ ಆಗಲ್ವಾ ಅಂತ ಕೇಳ್ತಾರೆ. ಆಗಲ್ಲ. ಝೂಮ್ ಚಿತ್ರವನ್ನು ಕತ್ತರಿಸುತ್ತೆ ಅಷ್ಟೆ, ವಸ್ತುಗಳ ನಡುವಿನ ಸಂಬಂಧ ಬದಲಾಗಲ್ಲ.

ಬೆಳಕಿಂದು ಒಂದು ವಿಷಯ. ಉತ್ತರಕ್ಕೆ ಮುಖ ಮಾಡಿದ ಕಟ್ಟಡಗಳು ವರ್ಷದ ಹೆಚ್ಚು ಭಾಗ ನೆರಳಲ್ಲೇ ಇರ್ತವೆ. ಮುಂಬೈ 19 ಡಿಗ್ರಿ ಉತ್ತರದಲ್ಲಿರೋದರಿಂದ ಮೇ ಕೊನೆಗೆ ಸೂರ್ಯ ನಮಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಆಗ ಬೆಳಿಗ್ಗೆ ಬೇಗ ಹೋದ್ರೆ ಆ ಮುಖಗಳ ಮೇಲೆ ಓರೆಯಾಗಿ ಬಿಸಿಲು ಬೀಳುತ್ತೆ, ಸಜ್ಜಾ, ಗ್ರಿಲ್ ಎಲ್ಲ ಎದ್ದು ಕಾಣುತ್ತೆ. ಮಳೆ ಶುರುವಾಯ್ತು ಅಂದ್ರೆ ಎಲ್ಲ ಕಡೆ ನೀಲಿ ತಾಡಪಾಲು.

ಒಳಗೆ ಹೋಗೋಕೆ ಬಿಟ್ಟರೆ ಮೆಟ್ಟಿಲು, ನೆಲದ ಟೈಲ್ಸು, ಟಪಾಲು ಡಬ್ಬಿ, ಹೆಸರಿನ ಹಲಗೆ ತೆಗೀರಿ. ಹಲಗೆಯಲ್ಲಿರೋ ಹೆಸರುಗಳನ್ನು ಎಲ್ಲೂ ಹಾಕಬೇಡಿ, ಮನೆಯವರಿಗೆ ಕೊಡಿ. ಮೊದಲು ವಾಚ್‌ಮನ್ ಹತ್ರ ಮಾತಾಡಿ. ಬಿಲ್ಡರ್ ಕಡೆಯವನು ಅಂತ ನನ್ನನ್ನು ಎರಡು ಸಲ ಹೊರಗೆ ಕಳಿಸಿದ್ದಾರೆ. ರಿಡೆವಲಪ್‌ಮೆಂಟ್ ಜಗಳ ನಡೀತಿರೋ ಸೊಸೈಟಿಯಲ್ಲಿ ಅವರ ಅನುಮಾನ ಸಹಜ. ರಸ್ತೆಯಿಂದ ಕಟ್ಟಡದ ಫೋಟೋ ತೆಗೆದು ಪ್ರಕಟಿಸಿದ್ರೆ ಕೃತಿಸ್ವಾಮ್ಯದ ತೊಂದರೆ ಇಲ್ಲ. 1957ರ ಕಾಯ್ದೆಯ 52ನೇ ಕಲಮು ಅದನ್ನು ಸ್ಪಷ್ಟವಾಗಿ ಬಿಟ್ಟುಕೊಟ್ಟಿದೆ. ಆದ್ರೆ ಒಳಗಿನ ಮೆಟ್ಟಿಲು ಅವರ ಜಾಗ, ಬೇಡ ಅಂದ್ರೆ ಬೇಡ.

ಫೈಲಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ, ರಸ್ತೆ, ಕಟ್ಟಡ, ಯಾವ ದಿಕ್ಕಿಗೆ ನೋಡ್ತಾ ಇದ್ರಿ ಅಂತ ಬರೀರಿ. ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಅದರೊಳಗಿನ ತಾರೀಖು, ಜಾಗದ ಮಾಹಿತಿ ಅಳಿಸಿಹೋಗುತ್ತೆ. ಮೂಲ ಫೈಲನ್ನೇ ಎರಡು ಕಡೆ ಇಡಿ.

ದೊಡ್ಡಮ್ಮ ಈಗ ಅದೇ ಜಾಗದ ಹೊಸ ಕಟ್ಟಡದ ಒಂಬತ್ತನೇ ಮಹಡಿಯಲ್ಲಿದ್ದಾರೆ, ದಿನಾ ಸಂಜೆ ಇಳಿದು ದೇವಸ್ಥಾನಕ್ಕೆ ಹೋಗ್ತಾರೆ. ಹೋದ ತಿಂಗಳು ನನ್ನ ಕೈಲಿ ಲಿಫ್ಟಿನ ಫೋಟೋ ತೆಗೆಸಿದರು. ಮೆಟ್ಟಿಲಿಂದು ಇನ್ನೂ ಸಿಕ್ಕಿಲ್ಲ. ನೆಂಟರ ಆಲ್ಬಮ್ಮುಗಳಲ್ಲಿ ಹುಡುಕ್ತಾ ಇದ್ದೀನಿ: ಯಾರದೋ ನಿಶ್ಚಿತಾರ್ಥ, ಯಾರೋ ತಟ್ಟೆ ಹಿಡಿದು ಮೇಲೆ ಹತ್ತುತ್ತಾ ಇರೋದು, ಹಿಂದೆ ಎಲ್ಲಾದ್ರೂ ಆ ರೇಲಿಂಗ್ ಬಿದ್ದಿರಬಹುದು. ನೀವೂ ನಿಮ್ಮ ಮನೆಯ ಆಲ್ಬಮ್ ತೆಗೀರಿ, ಜನರನ್ನು ಬಿಟ್ಟು ಅವರ ಹಿಂದೆ ಏನಿದೆ ಅಂತ ನೋಡಿ.