ಟ್ಯಾಬ್ಲೆಟ್ ಗಣಕಕ್ಕೆ ಜ್ವರವೇ?

ಮಗುವಿನ ಹಣೆ ಬಿಸಿಯಾಗಿದ್ದರೆ ತಾಯಿಯು ಕಳವಳಗೊಳ್ಳುವಳು. ಅರ್ಧ ಗಂಟೆ ಕಾಲ ಪಾಠವನ್ನೋ ಆಟವನ್ನೋ ನೋಡಿದ ವಿದ್ಯಾರ್ಥಿಯು ತನ್ನ ಟ್ಯಾಬ್ಲೆಟ್ ಗಣಕದ ಬೆನ್ನನ್ನು ಮುಟ್ಟಿದಾಗಲೂ ಅಂಥದೇ ಕಳವಳ ಹುಟ್ಟುವುದುಂಟು. ಯಂತ್ರವು ಕೆಟ್ಟಿತೆ? ಸಿಡಿದೀತೆ? ಈ ಭಯಕ್ಕೆ ಆಧಾರವಿದೆಯೆ, ಇದ್ದರೆ ಎಷ್ಟು, ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲನೆಯದಾಗಿ, ಬಿಸಿ ಎಲ್ಲಿಂದ ಬಂದಿತು? ವಾಹಕದಲ್ಲಿ ವಿದ್ಯುತ್ತು ಹರಿದಾಗ ಶಾಖವು ಉಂಟಾಗುವ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಲ್ಲಿ ಪ್ರಕಟಿಸಿದನು. ಗಣಕದ ಚಿಪ್ಪಿನಲ್ಲಿರುವ ಕೋಟ್ಯಂತರ ಟ್ರಾನ್ಸಿಸ್ಟರುಗಳು ಒಂದೊಂದು ಸಲ ಸ್ಥಿತಿಯನ್ನು ಬದಲಿಸಿದಾಗಲೂ ಅಲ್ಪ ವಿದ್ಯುದಾವೇಶವು ಅತ್ತಿತ್ತ ಚಲಿಸಬೇಕು. ನೀರೆತ್ತುವ ಪಂಪಿನಲ್ಲಾದರೆ ಶಕ್ತಿಯ ಒಂದು ಪಾಲು ಮೇಲಕ್ಕೇರಿದ ನೀರಿನಲ್ಲಿ ಉಳಿಯುತ್ತದೆ. ಲೆಕ್ಕ ಮಾಡುವ ಯಂತ್ರದಲ್ಲಿ ಹಾಗೆ ಉಳಿಯುವುದೇನೂ ಇಲ್ಲ. ಪರದೆಯಿಂದ ಬೆಳಕಾಗಿ ಹೊರಟ ಸ್ವಲ್ಪ ಭಾಗವನ್ನು ಬಿಟ್ಟರೆ, ಬ್ಯಾಟರಿಯಿಂದ ಪಡೆದ ಶಕ್ತಿಯೆಲ್ಲವೂ ಕಡೆಗೆ ಶಾಖವೇ ಆಗುತ್ತದೆ. ಆದುದರಿಂದ ಬಿಸಿಯಾಗುವುದು ರೋಗವಲ್ಲ, ದುಡಿಮೆಯ ಲಕ್ಷಣ.

ಹಾಗಾದರೆ ಎಷ್ಟು ಬಿಸಿ? ಇದಕ್ಕೆ ಒಂದು ನಿಜವಾದ ಉದಾಹರಣೆಯಿದೆ. ಅಮೆರಿಕದಲ್ಲಿ 2012ರ ಮಾರ್ಚಿಯಲ್ಲಿ ಆಪಲ್ ಸಂಸ್ಥೆಯ ಮೂರನೆಯ ತಲೆಮಾರಿನ ಐಪ್ಯಾಡ್ ಮಾರಾಟಕ್ಕೆ ಬಂದಿತು. ಅದು ಬಲು ಬಿಸಿಯಾಗುವುದೆಂದು ಕೊಂಡವರಲ್ಲಿ ಕೆಲವರು ದೂರಿದರು. ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಪತ್ರಿಕೆಯು ಅದರಲ್ಲಿ ಭಾರವಾದ ಆಟವೊಂದನ್ನು ನಡೆಸಿ ಅಳೆದಾಗ, ಮೈಯ ಒಂದು ಭಾಗದಲ್ಲಿ ಉಷ್ಣತೆಯು 116 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 47 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಹಿಂದಿನ ಐಪ್ಯಾಡಿಗಿಂತ ಇದು ಸುಮಾರು 7 ಡಿಗ್ರಿ ಹೆಚ್ಚು. ಕಾರಣವು ಗೂಢವಾದುದಲ್ಲ. ಹೊಸ ಪರದೆಯಲ್ಲಿ 31 ಲಕ್ಷಕ್ಕೂ ಮಿಕ್ಕಿ ಬಿಂದುಗಳಿದ್ದುವು. ಹಿಂದಿನದಕ್ಕಿಂತ ನಾಲ್ಕು ಪಟ್ಟು. ಅವನ್ನು ಬೆಳಗಿಸಲು ಬ್ಯಾಟರಿಯನ್ನು 25 ವಾಟ್-ಗಂಟೆಯಿಂದ 42.5 ವಾಟ್-ಗಂಟೆಗೆ ಏರಿಸಿದ್ದರು. ಯಂತ್ರವು ತನ್ನ ಉಷ್ಣದ ಮಿತಿಯೊಳಗೇ ಇದೆಯೆಂದು ಆಪಲ್ ಉತ್ತರಿಸಿತು. ಇದು ಚಿಂತೆಗೆ ಕಾರಣವಲ್ಲವೆಂದು ಪತ್ರಿಕೆಯೂ ಅಭಿಪ್ರಾಯಪಟ್ಟಿತು.

ಲೆಕ್ಕ ಹಾಕಿ ನೋಡೋಣ. 42.5 ವಾಟ್-ಗಂಟೆಯು ಹತ್ತು ಗಂಟೆಗಳಲ್ಲಿ ಖರ್ಚಾದರೆ ಸರಾಸರಿ ನಾಲ್ಕೂಕಾಲು ವಾಟ್. ಐದೇ ಗಂಟೆಗಳಲ್ಲಿ ಮುಗಿದರೆ ಎಂಟೂವರೆ ವಾಟ್. ಸುಮ್ಮನೆ ಕುಳಿತ ಮನುಷ್ಯನ ದೇಹವೇ ಸುಮಾರು 100 ವಾಟ್ ಶಾಖವನ್ನು ಹೊರಚೆಲ್ಲುತ್ತದೆ. ಆದರೆ ಟ್ಯಾಬ್ಲೆಟ್ಟಿನ ಮೈ ಚಿಕ್ಕದು. ಸಾಮಾನ್ಯವಾಗಿ ಒಳಗೆ ಬೀಸಣಿಗೆಯಿಲ್ಲ. ಶಾಖವು ಲೋಹದ ಬೆನ್ನಿನ ಮೂಲಕವೇ ಗಾಳಿಯನ್ನು ಸೇರಬೇಕು. ಬೆನ್ನು ಬಿಸಿಯೆಂದರೆ ಒಳಗಿನ ಶಾಖವು ಹೊರಕ್ಕೆ ಬರುತ್ತಿದೆಯೆಂದು ಅರ್ಥ. ಬಿಸಿ ಮಿತಿಮೀರುವಂತಾದರೆ ಚಿಪ್ಪು ತಾನೇ ತನ್ನ ವೇಗವನ್ನು ತಗ್ಗಿಸಿಕೊಳ್ಳುವುದು.

ಇಲ್ಲಿ ನ್ಯೂಟನ್ನನ ಶೀತಲನ ನಿಯಮವನ್ನು ನೆನೆಯಬೇಕು. ಶಾಖವು ಹೊರಹೋಗುವ ವೇಗವು ವಸ್ತುವಿಗೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಒಂದು ಕೆಲಸದಲ್ಲಿ ಗಣಕವು ಕೊಠಡಿಗಿಂತ 12 ಡಿಗ್ರಿ ಹೆಚ್ಚು ಬಿಸಿಯಾಗುವುದೆಂದು ಭಾವಿಸೋಣ. 24 ಡಿಗ್ರಿಯ ಕೊಠಡಿಯಲ್ಲಿ ಅದು 36 ಡಿಗ್ರಿ. ಕಲಬುರಗಿಯ ಬೇಸಗೆಯ 40 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ 52 ಡಿಗ್ರಿ! ಐಪ್ಯಾಡನ್ನು 35 ಡಿಗ್ರಿಯವರೆಗಿನ ವಾತಾವರಣದಲ್ಲಿ ಮಾತ್ರ ಬಳಸಬೇಕೆಂದು ಆಪಲ್ ಸೂಚಿಸುವುದು ಸಕಾರಣವಾಗಿಯೇ ಇದೆ.

ಅಪಾಯವೇ ಇಲ್ಲವೆಂದು ಇದರ ಅರ್ಥವಲ್ಲ. ಅಪಾಯಗಳು ಎರಡು. ಒಂದು, ಚರ್ಮಕ್ಕೆ. 44 ಡಿಗ್ರಿಯ ಬಿಸಿಯು ಸುಮಾರು ಆರು ಗಂಟೆಗಳ ಕಾಲ ತಾಗಿದರೆ ಚರ್ಮವು ಸುಡುವುದೆಂದು ಮೊರಿಟ್ಸ್ ಮತ್ತು ಹೆನ್ರಿಕ್ಸ್ 1947ರಲ್ಲಿ ತೋರಿಸಿದರು. ಉಷ್ಣತೆ ಏರಿದಂತೆ ಈ ಕಾಲವು ಬೇಗಬೇಗನೆ ಕುಗ್ಗುತ್ತದೆ. ಎಚ್ಚರವಿರುವವನು ಕೈ ತೆಗೆಯುವನು, ನಿದ್ರಿಸುವವನು ತೆಗೆಯನು.

ಇನ್ನೊಂದು, ಬ್ಯಾಟರಿಗೆ. ಲಿಥಿಯಂ ಅಯಾನ್ ಕೋಶವು ಬಿಸಿಯಲ್ಲಿ ಬೇಗ ಮುಪ್ಪಾಗುತ್ತದೆ. ಅದರ ಎರಡು ಧ್ರುವಗಳನ್ನು ತೆಳುವಾದ ಪ್ಲಾಸ್ಟಿಕ್ ಪೊರೆಯೊಂದು ಬೇರ್ಪಡಿಸಿರುತ್ತದೆ. ಪಾಲಿಎಥಿಲೀನಿನ ಪೊರೆಯು ಕರಗುವುದು ಸುಮಾರು 130 ಡಿಗ್ರಿಯಲ್ಲಿ. ಕೋಶವು ನಿರ್ದುಷ್ಟವಾಗಿದ್ದರೆ 47 ಡಿಗ್ರಿಯು ಅಲ್ಲಿಂದ ಬಹಳ ದೂರ. ಆದರೆ ಪೆಟ್ಟಿನಿಂದಲೋ ಒಳದೋಷದಿಂದಲೋ ಪೊರೆ ಹರಿದು ಧ್ರುವಗಳು ಕೂಡಿದರೆ, ಶಾಖವು ರಾಸಾಯನಿಕ ಕ್ರಿಯೆಯನ್ನೂ ಆ ಕ್ರಿಯೆಯು ಶಾಖವನ್ನೂ ಹೆಚ್ಚಿಸುತ್ತ ಹೋಗಿ ಬೆಂಕಿಯೇ ಹುಟ್ಟಬಹುದು.

ಆದುದರಿಂದ ಟ್ಯಾಬ್ಲೆಟ್ಟನ್ನು ಚಾರ್ಜಿಗೆ ಹಾಕಿ ದಿಂಬಿನಡಿ ಇಡಬಾರದು. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬಾರದು. ಬಿಸಿಯಾದರೆ ಹೊದಿಕೆ ತೆಗೆದು, ಭಾರವಾದ ಕೆಲಸವನ್ನು ನಿಲ್ಲಿಸಿ, ನೆರಳಿನಲ್ಲಿಟ್ಟರೆ ಸಾಕು. ಶೀತಕದ ಪೆಟ್ಟಿಗೆಯಲ್ಲಿಟ್ಟು ತಣಿಸುವುದು ತರವಲ್ಲ. ಅಲ್ಲಿಂದ ಹೊರತೆಗೆದೊಡನೆ, ತಣ್ಣೀರಿನ ಲೋಟದ ಮೇಲೆ ಹನಿಗಟ್ಟುವಂತೆ ಗಾಳಿಯ ತೇವವು ಯಂತ್ರದೊಳಗೂ ಹನಿಗಟ್ಟಬಹುದು.

ಓಡಿ ಬಂದ ಬಾಲಕನ ಮೈ ಬಿಸಿಯಾಗಿದ್ದರೆ ಯಾರೂ ವೈದ್ಯರನ್ನು ಕರೆಯುವುದಿಲ್ಲ. ಸುಮ್ಮನೆ ಮಲಗಿದವನ ಮೈ ಸುಡುತ್ತಿದ್ದರೆ ಕರೆಯುತ್ತೇವೆ. ಗಣಕಕ್ಕೂ ಇದೇ ಪರೀಕ್ಷೆ. ದುಡಿಯುವಾಗಿನ ಬಿಸಿಗೆ ಅಂಜಬೇಕಾಗಿಲ್ಲ. ಕೆಲಸವಿಲ್ಲದೆ ಇಟ್ಟಾಗಲೂ ಅದು ಸುಡುತ್ತಿದ್ದರೆ, ಬೆನ್ನು ಉಬ್ಬಿದ್ದರೆ, ವಿಚಿತ್ರವಾದ ವಾಸನೆ ಬಂದರೆ, ಅದು ಜ್ವರ. ಆಗ ಚಾರ್ಜನ್ನು ಕಳಚಿ, ಬಳಕೆಯನ್ನು ನಿಲ್ಲಿಸಿ, ಬಲ್ಲವರಿಗೆ ತೋರಿಸುವುದೇ ವಿವೇಕ.